ಫೈಬರ್ ಕಾರಿಗೆ ಅರ್ತ್ ಎಲ್ಲಿದೆ?

2015ರ ಜುಲೈ ತಿಂಗಳ ಒಂದು ಸಂಜೆ. ಫೋಂಡಾದಿಂದ ಹೊರಟು ಸಾಖಳಿ, ಕೇರಿ ದಾಟಿ ಚೋರ್ಲಾ ಘಾಟ್ ಏರುತ್ತಿದ್ದೆ. ಮರುದಿನ ಜಾಂಬೋಟಿಯ ಅಕ್ಕನ ಮನೆಯಲ್ಲಿ ಕಾರ್ಯವಿತ್ತು. ಪಕ್ಕದಲ್ಲಿ ಅಕ್ಕನ ಮಗ. ಮಳೆ ಎಂದರೆ ಘಾಟಿನ ಮಳೆ. ವೈಪರು ಒರೆಸಿದ್ದೆಷ್ಟು, ಬಿಟ್ಟದ್ದೆಷ್ಟು ಎಂದೇ ತಿಳಿಯದು. ಮುಂದಿದ್ದ ಲಾರಿಯವನು ಕೈ ಬೀಸಿ ದಾರಿ ಕೊಟ್ಟ. ಬಲಗಡೆಯ ಇಂಡಿಕೇಟರ್ ಹಾಕಿದೆ. ಇಂಡಿಕೇಟರ್ ಮಿಣುಕಲಿಲ್ಲ. ಅದರ ಬದಲು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಟಿಕ್ ಟಿಕ್ ಎಂದು ತಾಳ ಹಾಕತೊಡಗಿತು! ಹೆಡ್‌ಲೈಟು ಚಿಮಣಿ ಬುಡ್ಡಿಯಂತೆ ಮಂಕಾಯಿತು. ಗಾಬರಿಯಿಂದ ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ಸಂಬಂಧವೇ ಇಲ್ಲದ ಒಂದು ಕೆಂಪು ದೀಪ ಹೊತ್ತಿತು.

"ಮಾಮಾ, ಗಾಡಿಗೆ ದೆವ್ವ ಬಡದೈತಿ" ಅಂದ ಹುಡುಗ.

ಹಾಗೂ ಹೀಗೂ ಚೋರ್ಲಾ ಊರಿನ ತನಕ ಏರಿಸಿ, ಚಹಾ ಕುಡಿಯಲು ನಿಲ್ಲಿಸಿದೆವು. ಚಹಾ ಮುಗಿಸಿ ಬಂದು ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದೇ ಶಬ್ದ. ಸೆಲ್ಫ್ ತಿರುಗಲಿಲ್ಲ. ಬಾನೆಟ್ ತೆಗೆದು ಛತ್ರಿ ಹಿಡಿದು ನಿಂತೆವು. ನಾನು ಹತ್ತು ಸಾರಿ ಕೀಲಿ ತಿರುಗಿಸಿದೆ, ಹುಡುಗ ಒಳಗೆ ಕೈಯಾಡಿಸುತ್ತಿದ್ದ. "ಮಾಮಾ, ಈ ಎಕ್ಸಿಲೇಟರ್ ಕೇಬಲ್ ಸುಡಾಕ್ಹತ್ತೈತಿ ನೋಡು" ಎಂದ. ಘಾಟ್ ಹತ್ತಿ ಬಂದ ಎಂಜಿನ್ನು, ಸುಡದೆ ತಣ್ಣಗಿರುತ್ತದೇನೋ ಎಂದು ಬೈದೆ. ಆ ಒಂದು ಮಾತನ್ನು ಅಂದೇ ಕಿವಿಗೆ ಹಾಕಿಕೊಂಡಿದ್ದರೆ ನನಗೆ ಏಳು ತಿಂಗಳು ಉಳಿಯುತ್ತಿತ್ತು.

ಇಷ್ಟಕ್ಕೂ ಗಾಡಿ ಯಾವುದು ಎಂದು ಹೇಳಲೇ ಇಲ್ಲ. ಅದು ಸ್ಯಾನ್ ಸ್ಟಾರ್ಮ್. ಎರಡೇ ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ ಸ್ಪೋರ್ಟ್ಸ್ ಕಾರು. 1990ರ ದಶಕದ ಕೊನೆಯಲ್ಲಿ ನಮ್ಮ ಗೋವಾದಲ್ಲಿಯೇ ತಯಾರಾಗತೊಡಗಿದ ಗಾಡಿ. ಒಳಗೆ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಕುದುರೆ ಶಕ್ತಿ. ಇಂದಿನ ಲೆಕ್ಕಕ್ಕೆ ಇದೇನು ದೊಡ್ಡ ಶಕ್ತಿಯಲ್ಲ. ಆದರೆ ಗಾಡಿ ಹಗುರ, ನೆಲಕ್ಕೆ ಹತ್ತಿರ. ಅದರಲ್ಲಿ ಕೂತು 60ರ ವೇಗದಲ್ಲಿ ಹೋದರೆ 100ರಲ್ಲಿ ಹೋದಂತೆ ಅನ್ನಿಸುತ್ತದೆ. ಹಗುರವಾಗಲು ಕಾರಣ ಅದರ ಮೈ. ತಗಡಲ್ಲ, ಫೈಬರ್ ಗ್ಲಾಸ್. ಕೆಳಗೆ ಉಕ್ಕಿನ ಚಾಸಿ, ಮೇಲೆ ಫೈಬರ್ ಹೊದಿಕೆ. ತಯಾರಿಕೆ ನಿಂತು ವರ್ಷಗಳಾದವು. ಬಿಡಿಭಾಗ ಕೇಳಿದರೆ ಅಂಗಡಿಯವರು ನಗುತ್ತಾರೆ.

ನನ್ನಂಥ ಪಂಪ್‌ಸೆಟ್ ಸಾಮಾನಿನ ವ್ಯಾಪಾರಿಗೆ ಸ್ಪೋರ್ಟ್ಸ್ ಕಾರು ಏಕೆ ಎಂದು ಕೇಳಿದವರು ಬಹಳ. ಕೊಂಡದ್ದಲ್ಲ ಸ್ವಾಮಿ, 2013ರಲ್ಲಿ ಬಾಕಿಗೆ ಬದಲಾಗಿ ಬಂದದ್ದು. ಬಂದಾಗಲೇ ಅದಕ್ಕೆ ಹನ್ನೆರಡು ವರ್ಷ. ಮೊದಲಿನ ಯಜಮಾನರು ಅದಕ್ಕೆ ಗಾಳಿ ಹಾರ್ನು, ಟೇಪು, ಕಳ್ಳಗಂಟೆ ಎಲ್ಲ ಹಾಕಿಸಿದ್ದರು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದರೆ ಬಣ್ಣಬಣ್ಣದ ವೈರು ಶ್ಯಾವಿಗೆಯ ಹಾಗೆ ಜೋತು ಬೀಳುತ್ತಿತ್ತು.

ಬೀಪ್ ಎಂದರೆ ಸಾಕೆ?

ಚೋರ್ಲಾದಿಂದ ತರಕಾರಿ ಗಾಡಿಯವರು ಹಗ್ಗ ಕಟ್ಟಿ ಎಳೆದು ತಂದರು. ಕಾರನ್ನು ಒಂದು ಗ್ಯಾರೇಜಿಗೆ ಒಯ್ದೆ. ಹೆಸರು ಬೇಡ. ಅವರು ಬ್ಯಾಟರಿ ಹೊಸದು ಹಾಕಿಸಿದರು. ಆಗಲಿಲ್ಲ. ಸೆಲ್ಫ್ ಮೋಟಾರ್ ಬಿಚ್ಚಿ ಕಾರ್ಬನ್ ಬದಲಿಸಿದರು. ಎರಡು ದಿನ ಓಡಿ ಮತ್ತೆ 'ಟಕ್'. ಕಡೆಗೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಅಂದರೆ ಇಸಿಯು, ಹೋಗಿದೆ ಎಂದರು. ಅದು ಇಲ್ಲಿ ಸಿಗದು, ಹೊರದೇಶದಿಂದ ತರಿಸಬೇಕು, ತರಿಸಿದರೂ ಹೊಂದುವ ಖಾತ್ರಿ ಇಲ್ಲ. "ಹ್ಯಾಚೆಂ ಕಿತೆಂ ಕರ್ಪಾಚೆಂ, ಭಂಗಾರಾಕ ದೀ" ಎಂದು ಅಲ್ಲಿನ ಹಿರಿಯ ಮಿಸ್ತ್ರಿ ಕೊಂಕಣಿಯಲ್ಲಿ ಸಲಹೆ ಕೊಟ್ಟ. ಗುಜರಿಗೆ ಹಾಕು ಎಂಬ ಮಾತು ಯಾವ ಭಾಷೆಯಲ್ಲಿ ಕೇಳಿದರೂ ಹೊಟ್ಟೆಗೆ ನಾಟುತ್ತದೆ.

ನಾನು "ಅರ್ತ್ ನೋಡಿದಿರಾ?" ಎಂದು ಕೇಳಿದ್ದು ನಿಜ. ಅವರು ನನ್ನೆದುರಿಗೇ ಮಲ್ಟಿಮೀಟರ್ ತಂದು ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿಗೆ ಹಿಡಿದರು. ಮೀಟರು ಬೀಪ್ ಎಂದಿತು. "ನೋಡಿ, ಅರ್ತ್ ಇದೆ." ನಾನೂ ಒಪ್ಪಿದೆ. ದಿನಾ ಮೀಟರ್ ಮಾರುವವನು ನಾನು, ನನಗೇ ಹೊಳೆಯಲಿಲ್ಲ.

ಗಾಡಿ ಅಂಗಡಿಯ ಹಿಂದೆ ತಾಡಪತ್ರಿಯ ಕೆಳಗೆ ಕೂತಿತು. ಅದರ ಹದಿನೈದು ವರ್ಷದ ನೋಂದಣಿ ಮುಗಿಯುವುದು 2016ರಲ್ಲಿ. ಖಾಸಗಿ ಕಾರಿಗೆ ಮೊದಲ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ದೀಪ, ಬ್ರೇಕು, ಹಾರ್ನು ಎಲ್ಲ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ತಪಾಸಣೆಗೆ ತಾನಾಗಿ ನಡೆದು ಹೋಗದ ಗಾಡಿಗೆ ಯಾವ ನವೀಕರಣ?

ಫೆಬ್ರವರಿ ತಿಂಗಳಲ್ಲಿ ಒಬ್ಬ ಗಿರಾಕಿ ಬಂದರು, ತೋಟದ ರೈತರು. "ಸ್ಟಾರ್ಟರ್ ಡಬ್ಬಿ ಮುಟ್ಟಿದರ ಜುಮ್ ಅಂತೈತ್ರಿ. ಮಳೆಗಾಲದಾಗ ಇರಲಿಲ್ಲ, ಈಗ ಸುರುವಾಗೇತಿ" ಎಂದರು. ಅರ್ತಿಂಗ್ ಗುಂಡಿ ಒಣಗಿದೆ, ಇದ್ದಿಲು ಉಪ್ಪು ಹಾಕಿ ನೀರು ಬಿಡಿ, ತಂತಿಯ ಬೋಲ್ಟು ತಿಕ್ಕಿ, ಮೊದಲು ಮೇನ್ ಆಫ್ ಮಾಡಿ, ಮೋಟಾರಿನ ಇನ್ಸುಲೇಶನ್ನೂ ಒಮ್ಮೆ ನೋಡಿಸಿ ಎಂದೆ. ಅವರು, "ಅಲ್ರೀ, ತಂತಿ ಐತಲ್ಲ, ಕಡದಿಲ್ಲ" ಎಂದರು. "ತಂತಿ ಇದ್ದರೆ ಆಯ್ತೇನ್ರೀ? ಅದರಾಗ ಕರೆಂಟು ಹರೀಬೇಕಲ್ಲ" ಎಂದು ನಾನು ಹೇಳುತ್ತಿದ್ದಂತೆಯೇ ನನ್ನ ಮಾತು ನನಗೇ ಬಂದು ಬಡಿಯಿತು. ಹುಡುಗ ಹೇಳಿದ ಸುಡುವ ಕೇಬಲ್ಲು ನೆನಪಾಯಿತು.

ಹೋದ ಕರೆಂಟು ಹೇಗೆ ಬರಬೇಕು?

ತಗಡಿನ ಕಾರಿನಲ್ಲಿ ದೀಪಕ್ಕೆ ಒಂದೇ ತಂತಿ ಹೋದರೂ ನಡೆಯುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಹೋದ ಕರೆಂಟು ದೀಪ ಉರಿಸಿ, ಕಾರಿನ ತಗಡು ಮೈಯ ಮೂಲಕವೇ ಮೈನಸ್‌ಗೆ ಮರಳುತ್ತದೆ. ಇಡೀ ಗಾಡಿಯೇ ವಾಪಸು ದಾರಿ. ಫೈಬರ್ ಮೈಯಲ್ಲಿ ಕರೆಂಟು ಹರಿಯದು. ಆದ್ದರಿಂದ ಪ್ರತಿ ದೀಪಕ್ಕೂ ಹೋಗುವ ತಂತಿಯ ಜೊತೆ ಬರುವ ತಂತಿಯೂ ಬೇಕು. ಆ ಬರುವ ತಂತಿಗಳೆಲ್ಲ ಕೆಲವೇ ಕೆಲವು ಬೋಲ್ಟುಗಳಲ್ಲಿ ಚಾಸಿಗೆ ಕೂಡುತ್ತವೆ. ಸ್ಟಾರ್ಮ್ ಒಂದಕ್ಕೇ ಅಲ್ಲ, ಫೈಬರ್ ಮೈಯ ಎಲ್ಲ ಗಾಡಿಗಳಿಗೂ ಇದೇ ನಿಯಮ. ಅಮೆರಿಕದಲ್ಲಿ 1953ರಲ್ಲಿ ಬಂದ ಷೆವ್ರೊಲೆ ಕಾರ್ವೆಟ್ ಇರಬಹುದು, 1980ರ ದಶಕದಲ್ಲಿ ಬೆಂಗಳೂರಿನಲ್ಲಿಯೇ ತಯಾರಾದ ಸಿಪಾನಿ ಡಾಲ್ಫಿನ್ ಇರಬಹುದು.

ಸಮುದ್ರದ ಉಪ್ಪು ಗಾಳಿ, ವರ್ಷಕ್ಕೆ ನಾಲ್ಕು ತಿಂಗಳ ಮಳೆ. ಹದಿನಾಲ್ಕು ಮಳೆಗಾಲ ಕಂಡ ಬೋಲ್ಟಿಗೆ ತುಕ್ಕು ಹಿಡಿಯದೆ ಇರುತ್ತದೆಯೇ? ಹಿಡಿದರೆ ಆ ಬೋಲ್ಟಿಗೆ ಕೂಡಿದ ದೀಪಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದಂತೆ ಆಡುತ್ತವೆ. ಇಂಡಿಕೇಟರಿನ ಕರೆಂಟಿಗೆ ತನ್ನ ದಾರಿ ಕಟ್ಟಿದ್ದರೆ ಅದು ಹೆಡ್‌ಲೈಟಿನ ತಂತಿಯೊಳಗೆ ನುಗ್ಗಿ, ಮೀಟರಿನೊಳಗೆ ಹಾಯ್ದು, ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ಬ್ಯಾಟರಿಗೆ ಮರಳಲು ನೋಡುತ್ತದೆ. ಕಾಲುವೆ ಕಟ್ಟಿದರೆ ನೀರು ಪಕ್ಕದವನ ಹೊಲಕ್ಕೆ ನುಗ್ಗುವುದಿಲ್ಲವೆ, ಹಾಗೆ. ಮುಳ್ಳು ತಾಳ ಹಾಕಿದ್ದು ದೆವ್ವದಿಂದಲ್ಲ, ಅಡ್ಡದಾರಿ ಹಿಡಿದ ಕರೆಂಟಿನಿಂದ.

ಎಕ್ಸಿಲೇಟರ್ ಕೇಬಲ್ ಸುಟ್ಟದ್ದೂ ಇದಕ್ಕೇ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯದು. ಎಂಜಿನ್ನಿನಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಸೆಲ್ಫ್ ತಿರುಗುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಆ ಪಟ್ಟಿಯಲ್ಲಿಯೇ ವಾಪಸಾಗಬೇಕು. ಪಟ್ಟಿ ಕೊಳೆತಿದ್ದರೆ ಅಷ್ಟೂ ಕರೆಂಟು ಎಂಜಿನ್ನಿಗೆ ಮುಟ್ಟಿರುವ ಬೇರೆ ಯಾವ ಕಬ್ಬಿಣ ಸಿಕ್ಕೀತೆಂದು ಹುಡುಕುತ್ತದೆ. ಸಿಗುವುದು ಎಕ್ಸಿಲೇಟರಿನ ಇಲ್ಲವೆ ಕ್ಲಚ್ಚಿನ ಕೇಬಲ್ಲಿನೊಳಗಿನ ಸಣ್ಣ ಉಕ್ಕಿನ ತಂತಿ. ಅದು ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ, ಕೆಲವೊಮ್ಮೆ ಕೇಬಲ್ಲು ಅಂಟಿಕೊಂಡು ಎಕ್ಸಿಲೇಟರ್ ಒತ್ತಿದಲ್ಲಿಯೇ ನಿಂತುಬಿಡುತ್ತದೆ. ಘಾಟಿನಲ್ಲಿ ಹಾಗಾಗಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಹಾಗಾದರೆ ಮೀಟರು ಬೀಪ್ ಎಂದದ್ದು ಸುಳ್ಳೇ? ಸುಳ್ಳಲ್ಲ. ನೂರು ಎಳೆಯ ಪಟ್ಟಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಬೀಪ್ ಎನ್ನುತ್ತದೆ. ಅದು ಕಳಿಸುವುದು ಎಳ್ಳುಕಾಳಿನಷ್ಟು ಕರೆಂಟು; ಅಷ್ಟು ಹಾಯಲು ಒಂದು ಎಳೆ ಸಾಕು. ನೂರು ಆಂಪಿಯರ್ ಹಾಯಬೇಕೆಂದಾಗ ಸಾಲದು. ಲೆಕ್ಕ ಹಾಕಿ ನೋಡಿ: ಒಂದು ಓಮಿನ ನೂರು ಪಾಲಿನಲ್ಲಿ ಎರಡೇ ಪಾಲು ತಡೆ ಇದ್ದರೂ 100 ಆಂಪಿಯರ್ ಹರಿಯುವಾಗ 2 ವೋಲ್ಟ್ ನಷ್ಟ. 12 ವೋಲ್ಟಿನಲ್ಲಿ 2 ಹೋದರೆ ಸೆಲ್ಫಿಗೂ ಇಸಿಯುವಿಗೂ ಉಳಿಯುವುದೇನು? ಅಷ್ಟು ಸಣ್ಣ ತಡೆಯನ್ನು ನಮ್ಮ ಮುನ್ನೂರು ರೂಪಾಯಿಯ ಮೀಟರು ಓಮಿನ ಲೆಕ್ಕದಲ್ಲಿ ತೋರಿಸಲಾರದು.

ಆದರೆ ಅದೇ ಮೀಟರು ವೋಲ್ಟಿನ ಲೆಕ್ಕದಲ್ಲಿ ತೋರಿಸುತ್ತದೆ. ಕೀಲು ಇರುವುದೇ ಇಲ್ಲಿ. ಗುಂಡಿಯನ್ನು ಡಿಸಿ 20 ವೋಲ್ಟಿಗೆ ಇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟದ ಮೇಲೆ, ಮೇಲಿನ ಕ್ಲಿಪ್ಪಿನ ಮೇಲಲ್ಲ, ಸೀಸದ ಗೂಟದ ಮೇಲೆಯೇ. ಕೆಂಪು ಕಡ್ಡಿ ಎಂಜಿನ್ನಿನ ಬರಿಯ ಲೋಹದ ಮೇಲೆ, ಬಣ್ಣ ಇಲ್ಲದ ಕಡೆ. ಇನ್ನೊಬ್ಬರಿಂದ ಕೀಲಿ ತಿರುಗಿಸಿ. ಸೆಲ್ಫ್ ಹಿಡಿದಿರುವಾಗ ಮೀಟರು 0.2, 0.3 ವೋಲ್ಟಿನೊಳಗೆ ಇದ್ದರೆ ದಾರಿ ಸರಿಯಾಗಿದೆ. ನನ್ನದು ತೋರಿಸಿದ್ದು 3.1! ಮಗಳು ಕೀಲಿ ಹಿಡಿದು ಕೂತಿದ್ದಳು. ನಾನು ಕೂಗಿದ್ದಕ್ಕೆ ಶಾಕ್ ಹೊಡೆಯಿತೆಂದು ಓಡಿ ಬಂದಳು.

ಆಮೇಲೆ ಕೆಂಪು ಕಡ್ಡಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತರುತ್ತ ಹೋದೆ. ಚಾಸಿಯ ಮೇಲೆ ಇಟ್ಟರೆ 0.4. ಅಂದರೆ ನಷ್ಟವಾಗುತ್ತಿರುವುದು ಚಾಸಿಗೂ ಎಂಜಿನ್ನಿಗೂ ನಡುವೆ. ಕೆಳಗೆ ಮಲಗಿ ಬ್ಯಾಟರಿ ಹಾಕಿ ನೋಡಿದರೆ ಪಟ್ಟಿ ಹಸಿರು ಪುಡಿಯಾಗಿತ್ತು, ಐದಾರು ಎಳೆ ಉಳಿದಿತ್ತು. ಮುಟ್ಟಿದ ಕೂಡಲೆ ಅದೂ ಕೈಗೆ ಬಂತು.

ಹೊಸ ಪಟ್ಟಿ ಸಿಗಲಿಲ್ಲ. ಬೇಕಾಗಿಯೂ ಇಲ್ಲ. ಬ್ಯಾಟರಿ ಕೇಬಲ್ಲು ಒಂದೂವರೆ ಅಡಿ, ಎರಡು ತುದಿಗೆ ತಾಮ್ರದ ಲಗ್ ಒತ್ತಿಸಿದೆ. ಚಾಸಿಯ ಬೋಲ್ಟಿನ ಸುತ್ತಲಿನ ಬಣ್ಣ, ತುಕ್ಕು ಎರಡನ್ನೂ ಬೆಳ್ಳಗೆ ಹೊಳೆಯುವ ತನಕ ಪಾಲಿಶ್ ಕಾಗದದಿಂದ ತಿಕ್ಕಿದೆ. ಹಲ್ಲಿನ ವಾಶರು ಹಾಕಿ ಬಿಗಿದೆ. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿದೆ. ಮೊದಲೇ ಒಳಗೆ ಮೆತ್ತಿ ಬಿಗಿಯುವವರಿದ್ದಾರೆ. ಲೋಹಕ್ಕೆ ಲೋಹ ಮುಟ್ಟಿದ ಮೇಲೆಯೇ ಸವರುವುದು ಒಳ್ಳೆಯದು. ಈ ಕೆಲಸಕ್ಕೆ ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ಕ್ಲಿಪ್ಪು ಬಿಚ್ಚಬೇಕು, ಕಡೆಗೆ ಅದನ್ನೇ ಹಾಕಬೇಕು. ಎಂಜಿನ್ ಓಡುವಾಗ ಮಾತ್ರ ಬ್ಯಾಟರಿ ಬಿಚ್ಚಿ ಪರೀಕ್ಷೆ ಮಾಡುವ ಹಳೇ ಡೀಸೆಲ್ ಮಿಸ್ತ್ರಿಗಳ ಚಾಳಿ ಬೇಡವೇ ಬೇಡ. ವೋಲ್ಟು ಒಮ್ಮೆಲೆ ಏರಿ ಇಸಿಯು ನಿಜವಾಗಿಯೂ ಸುಡುತ್ತದೆ.

ಖರ್ಚು 180 ರೂಪಾಯಿ. ಕೀಲಿ ತಿರುಗಿಸಿದೆ. ಏಳು ತಿಂಗಳ ಧೂಳು ಸೈಲೆನ್ಸರಿನಿಂದ ಹಾರಿತು.

ಡ್ಯಾಶ್‌ಬೋರ್ಡಿನ ಕೆಳಗಿನ ಶ್ಯಾವಿಗೆ ಬಿಡಿಸಲು ಮತ್ತೆರಡು ಭಾನುವಾರ ಹಿಡಿಯಿತು. ಗಾಳಿ ಹಾರ್ನು, ಕಳ್ಳಗಂಟೆ ಕಿತ್ತೆಸೆದೆ. ಹಿಂದಿನ ದೀಪಗಳಿಗೆ, ಮುಂದಿನ ದೀಪಗಳಿಗೆ, ಮೀಟರುಗಳಿಗೆ ಬೇರೆ ಬೇರೆ ಕಪ್ಪು ತಂತಿ ಎಳೆದು ಚಾಸಿಗೆ ಕೂಡಿಸಿದೆ. ಹಾರ್ನಿನ ರಿಲೇ ಒಂದು ಸತ್ತಿತ್ತು. ರಿಲೇ ಎಂದರೆ ಹೆದರಬೇಕಾಗಿಲ್ಲ. ಬುಡದಲ್ಲಿ ನಂಬರು ಬರೆದಿರುತ್ತದೆ: 85, 86 ಸುರುಳಿಗೆ, 30ಕ್ಕೆ ಬ್ಯಾಟರಿಯಿಂದ ಬರುವುದು, 87ರಿಂದ ಕೆಲಸಕ್ಕೆ ಹೋಗುವುದು. ನಂಬರು, ಕಾಲಿನ ಜೋಡಣೆ, ಆಂಪಿಯರ್ ಮೂರೂ ಹೊಂದಿದರೆ ಯಾವ ಕಂಪನಿಯದಾದರೂ ನಡೆಯುತ್ತದೆ. ಬೇರಿಂಗಿನ ಕಥೆಯೂ ಅಷ್ಟೇ. 6203 ಎಂದು ಕೊರೆದಿದ್ದರೆ ಒಳರಂಧ್ರ 17 ಮಿಲಿಮೀಟರ್, ಹೊರಸುತ್ತು 40, ದಪ್ಪ 12. ಅದು ಪಂಪಿನ ಮೋಟಾರಿನಿಂದ ಬಂತೋ ಕಾರಿನ ಆಲ್ಟರ್ನೇಟರಿನಿಂದ ಬಂತೋ ಬೇರಿಂಗಿಗೆ ಗೊತ್ತಿಲ್ಲ. 'ಈ ಗಾಡಿಯ ಸಾಮಾನು ಸಿಗೂದಿಲ್ಲ' ಎನ್ನುವವರು ಬಹಳ ಸಲ ಗಾಡಿಯ ಹೆಸರು ಹೇಳಿ ಕೇಳಿರುತ್ತಾರೆ, ನಂಬರು ಹೇಳಿ ಕೇಳಿರುವುದಿಲ್ಲ.

2016ರಲ್ಲಿ ತಪಾಸಣೆಗೆ ಹೋದೆ. ಪಾಸಾಯಿತು. 2021ರಲ್ಲಿಯೂ ಆಯಿತು.

ಪೆಟ್ರೋಲಿನ ವಾಸನೆ

ಇಷ್ಟು ಹೇಳಿ ನಿಲ್ಲಿಸಿದರೆ ನಾನು ದೊಡ್ಡ ಜಾಣನೆಂದು ನೀವು ತಿಳಿದೀರಿ. 2024ರ ಬೇಸಿಗೆಯಲ್ಲಿ ಆದದ್ದನ್ನೂ ಹೇಳಬೇಕು. ನಾಲ್ಕು ದಿನದಿಂದ ಕಾರಿನ ಹತ್ತಿರ ಪೆಟ್ರೋಲಿನ ಸಣ್ಣ ವಾಸನೆ. ಟ್ಯಾಂಕಿನ ಮುಚ್ಚಳ ಸಡಿಲ ಇದ್ದೀತು ಎಂದುಕೊಂಡೆ. ಐದನೇ ದಿನ ಮಗಳು ಬಾನೆಟ್ ತೆಗೆದು ಟಾರ್ಚ್ ಹಿಡಿದವಳೇ, "ಅಪ್ಪಾ, ಕೀಲಿ ಹಾಕಬ್ಯಾಡ" ಎಂದು ಕಿರುಚಿದಳು. ಇಂಜೆಕ್ಷನ್ನಿಗೆ ಹೋಗುವ ರಬ್ಬರ್ ನಳಿಕೆ ಬಿರುಕು ಬಿಟ್ಟು, ಕ್ಲಿಪ್ಪಿನ ಬುಡದಲ್ಲಿ ಹನಿ ಹನಿಯಾಗಿ ಜಿನುಗುತ್ತಿತ್ತು. ಕೆಳಗೇ ಬಿಸಿ ಎಂಜಿನ್ನು.

ಕಾರ್ಬೋರೇಟರ್ ಗಾಡಿಯಲ್ಲಿ ಪೆಟ್ರೋಲಿನ ಒತ್ತಡ ಬಹಳ ಕಡಿಮೆ; ಸೋರಿದರೆ ತೊಟ್ಟಿಕ್ಕುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಸುಮಾರು 3 ಬಾರ್ ಒತ್ತಡ. ಬಿರುಕು ದೊಡ್ಡದಾದರೆ ಪಿಚಕಾರಿಯಂತೆ ಹಾರುತ್ತದೆ. ತಗಡಿನ ಗಾಡಿಗೆ ಬೆಂಕಿ ಬಿದ್ದರೂ ತಗಡಾದರೂ ಉಳಿದೀತು. ಫೈಬರಿನ ರಾಳ ತಾನೇ ಉರಿಯುವ ವಸ್ತು.

ರಬ್ಬರು ಹಳತಾದದ್ದು ಒಂದು ಕಾರಣ. ಇನ್ನೊಂದನ್ನು ಕಬ್ಬು ಬೆಳೆಯುವ ನಾವು ತಿಳಿದಿರಬೇಕು. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಸೇರಿರುತ್ತದೆ. 2025ರಲ್ಲಿ ಅದು ಶೇಕಡಾ 20ಕ್ಕೆ ಮುಟ್ಟಿತು. ಬೆಳಗಾವಿ ಜಿಲ್ಲೆಯ ಕಬ್ಬಿನಿಂದ ತಯಾರಾದದ್ದೂ ಅದರಲ್ಲಿ ಇದೆ, ಒಳ್ಳೆಯದೇ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ಜಾತಿಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಹೊಸ ಗಾಡಿಗಳಿಗೆ ಅದನ್ನು ತಡೆಯುವ ರಬ್ಬರ್ ಹಾಕುತ್ತಾರೆ. 2001ರ ಗಾಡಿಗೆ ಎಲ್ಲಿಂದ ಬರಬೇಕು? ಹಳೆಯ ಗಾಡಿ ಇಟ್ಟುಕೊಂಡವರು ಟ್ಯಾಂಕಿನಿಂದ ಎಂಜಿನ್ ತನಕ ಎಲ್ಲ ರಬ್ಬರ್ ನಳಿಕೆಗಳನ್ನೂ ಬದಲಿಸುವುದೇ ಸರಿ. ನಳಿಕೆಯ ಮೇಲೆ 'ಎಸ್‌ಎಇ ಜೆ30 ಆರ್9' ಎಂದು ಅಚ್ಚಾಗಿರಬೇಕು. ಅದು ಇಂಜೆಕ್ಷನ್ ಒತ್ತಡ, ಎಥೆನಾಲ್ ಎರಡನ್ನೂ ತಡೆಯುವ ದರ್ಜೆ. ಹನಿ ನೀರಾವರಿಯ ನಳಿಕೆ, ಗ್ಯಾಸಿನ ನಳಿಕೆ ಹಾಕಿ ಕ್ಲಿಪ್ಪು ಬಿಗಿದವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ನಳಿಕೆ ಬಿಚ್ಚುವ ಮುಂಚೆ ಒತ್ತಡ ಇಳಿಸಬೇಕು. ಗಾಡಿ ಸೋರುತ್ತಿಲ್ಲದಾಗ ಇದಕ್ಕೊಂದು ಸುಲಭದ ದಾರಿ: ಪೆಟ್ರೋಲ್ ಪಂಪಿನ ಫ್ಯೂಜು ತೆಗೆದು ಎಂಜಿನ್ ಚಾಲೂ ಮಾಡಿ, ನಳಿಕೆಯಲ್ಲಿ ಉಳಿದದ್ದು ಉರಿದು ತಾನೇ ನಿಲ್ಲುತ್ತದೆ. ಸೋರುತ್ತಿದ್ದರೆ ಕೀಲಿಯನ್ನೇ ಮುಟ್ಟಬೇಡಿ. ನಾನು ಗಾಡಿಯನ್ನು ಕೈಯಿಂದ ನೂಕಿ ಬಯಲಿಗೆ ತಂದು, ರಾತ್ರಿಯಿಡೀ ಆರಲು ಬಿಟ್ಟು, ಬ್ಯಾಟರಿ ಬಿಚ್ಚಿ, ಬಟ್ಟೆ ಸುತ್ತಿ ಕ್ಲಿಪ್ಪು ಸಡಿಲಿಸಿದೆ. ಅಂದಿನಿಂದ ಸೀಟಿನ ಹಿಂದೆ ಎರಡು ಕಿಲೋದ ಬೆಂಕಿ ನಂದಿಸುವ ಸಿಲಿಂಡರ್ ಇದೆ. ಅದರ ಮುಳ್ಳು ಹಸಿರಿನಲ್ಲಿದೆಯೇ ಎಂದು ಸಂಕಷ್ಟಿಗೊಮ್ಮೆ ನೋಡುವುದು ಮಗಳ ಕೆಲಸ.

ಟೈರಿನ ಬಗ್ಗೆಯೂ ಒಂದು ಮಾತು. ಶೋಕಿ ಗಾಡಿ ಓಡುವುದು ಕಡಿಮೆ, ಟೈರಿನ ಹಲ್ಲು ಸವೆಯುವುದಿಲ್ಲ, ನೋಡಲು ಹೊಸದರಂತೆ ಇರುತ್ತದೆ. ಗೊಬ್ಬರದ ಚೀಲದ ಮೇಲೆ ತಾರೀಖು ನೋಡಿ ಕೊಳ್ಳುವ ನಾವು ಟೈರಿನದನ್ನು ನೋಡುವುದಿಲ್ಲ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2309 ಎಂದಿದ್ದರೆ 2009ರ 23ನೇ ವಾರ. ನನ್ನ ಟೈರು ಹಾಗೆಯೇ ಇತ್ತು. ಬ್ರೇಕಿನ ಎಣ್ಣೆಯೂ ಹಾಗೆ: ಗಾಡಿ ನಿಂತಲ್ಲೇ ಅದು ಗಾಳಿಯ ತೇವ ಹೀರುತ್ತದೆ, ಘಾಟ್ ಇಳಿಯುವಾಗ ಕಾದು ಒಳಗೇ ಕುದಿಯುತ್ತದೆ, ಪೆಡಲು ಹತ್ತಿಯ ಮೇಲೆ ಕಾಲಿಟ್ಟಂತೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಚೋರ್ಲಾ ಇಳಿಯುವಾಗ ದೇವರನ್ನು ಅಷ್ಟಾಗಿ ನೆನೆಯಬೇಕಾಗಿಲ್ಲ.

ದೋಣಿಯವರ ಕೈಗುಣ

ಒಮ್ಮೆ ಜ್ಯಾಕನ್ನು ಚಾಸಿ ಬಿಟ್ಟು ಫೈಬರ್ ಅಂಚಿಗೆ ಕೊಟ್ಟು, ಕರ್ ಎಂದು ಗೇಣುದ್ದ ಸೀಳಿಸಿದೆ. ಕಾರಿನ ಡೆಂಟಿಂಗ್‌ನವರು ಕೈಯೆತ್ತಿದರು. ಅವರು ಸುತ್ತಿಗೆಯ ಜನ, ತಗಡು ಬಡಿಯುವವರು. ನನಗೆ ಉಪಯೋಗಕ್ಕೆ ಬಂದವರು ಮೀನುಗಾರಿಕೆ ದೋಣಿ ರಿಪೇರಿ ಮಾಡುವವರು. ಗೋವಾದ ಕಡಲ ತೀರದಲ್ಲಿ ಫೈಬರ್ ದೋಣಿಗಳಿಗೆ ಬರವಿಲ್ಲ. ಕಾರಿನ ಮೈಗೂ ದೋಣಿಯ ಮೈಗೂ ಸಾಮಾನು ಒಂದೇ: ಗಾಜಿನ ನೂಲಿನ ಚಾಪೆ, ಪಾಲಿಯೆಸ್ಟರ್ ರಾಳ, ಹಾರ್ಡನರ್.

ಅವರು ಕಲಿಸಿದ್ದು ಇಷ್ಟು. ಸೀಳಿನ ಸುತ್ತ ನಾಲ್ಕು ಬೆರಳಗಲ ಬಣ್ಣ ತಿಕ್ಕಿ ತೆಗೆಯಬೇಕು, ಬಿರುಕನ್ನು ಇಳಿಜಾರಾಗಿ ಉಜ್ಜಬೇಕು. ಚಾಪೆಯ ತುಂಡನ್ನು ಒಳಮೈಗೆ ಕೂಡ ಹಾಕಬೇಕು, ಬಲ ಬರುವುದು ಅಲ್ಲಿಂದ. ಹಾರ್ಡನರ್ ರಾಳದ ನೂರಕ್ಕೆ ಒಂದೆರಡು ಪಾಲು ಮಾತ್ರ. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಕಾದು ಬಿರಿಯುತ್ತದೆ. ಮಳೆಗಾಲದಲ್ಲಿ ಈ ಕೆಲಸ ಮಾಡಬಾರದು, ತೇವಕ್ಕೆ ಅಂಟೇ ಹಿಡಿಯದು. ಎಲ್ಲಕ್ಕಿಂತ ಮುಖ್ಯ, ಹಾರ್ಡನರನ್ನೂ ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರಾಳಕ್ಕೆ ಬೆರೆಸಿ ಪೂರ್ತಿ ಕಲಸಿದ ಮೇಲೆಯೇ ಹಾರ್ಡನರ್. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದವನಿಗೆ ಅವರು ಡಬ್ಬಿಯನ್ನೇ ಮುಟ್ಟಗೊಡುವುದಿಲ್ಲ.

ಜ್ಯಾಕಿನಿಂದ ನಾನು ಕಂಡುಕೊಂಡ ಇನ್ನೊಂದು ಸಂಗತಿ ಇದೆ. ಫೈಬರ್ ಮೈಗೆ ತುಕ್ಕಿಲ್ಲವೆಂದು ನಾವು ಬೀಗುತ್ತೇವೆ. ಅದರ ಮರೆಯಲ್ಲಿ ಚಾಸಿ ಸದ್ದಿಲ್ಲದೆ ತಿನ್ನಿಸಿಕೊಳ್ಳುತ್ತಿರುತ್ತದೆ. ಹೊರಗೆ ಮದುಮಗನಂತೆ ಹೊಳೆಯುವ ಹಳೆಯ ಫೈಬರ್ ಕಾರನ್ನು ಯಾರಾದರೂ ಮಾರಲು ಬಂದರೆ ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಚಾಸಿಯನ್ನು ಕುಟ್ಟಿ ನೋಡಿ. ಕೆಳಗೆ ಹೋಗುವಾಗ ಜ್ಯಾಕನ್ನು ನಂಬದೆ ಗಟ್ಟಿ ಸ್ಟ್ಯಾಂಡು ಕೊಟ್ಟೇ ಹೋಗಿ. ಈ ಗಾಡಿಗಳು ನೆಲಕ್ಕೆ ಎಷ್ಟು ಹತ್ತಿರ ಎಂದರೆ, ಇಳಿದರೆ ನಿಮಗೆ ಅಲ್ಲಿ ಜಾಗವೇ ಇರುವುದಿಲ್ಲ.

ಕಳೆದ ಸುಗ್ಗಿಯಲ್ಲಿ ಅಕ್ಕನ ಮಗ ಫೋನು ಮಾಡಿದ. ಅಂದು ಚೋರ್ಲಾದಲ್ಲಿ ಛತ್ರಿ ಹಿಡಿದಿದ್ದ ಹುಡುಗನೇ, ಈಗ ಅವನದೇ ಟ್ರ್ಯಾಕ್ಟರ್ ಇದೆ, ಕಬ್ಬು ಸಾಗಿಸುತ್ತಾನೆ. "ಮಾಮಾ, ಟ್ರಾಲಿದು ಹಿಂದಿನ ದೀಪ ಮಂಕ ಉರೀತಾವ. ಇಂಡಿಕೇಟರ್ ಹಾಕಿದರ ಎರಡೂ ಕಡೆ ಮಿಣಕ್ತಾವ. ಬಲ್ಬ್ ಎರಡ ಸಲ ಬದಲಿ ಮಾಡೀನಿ" ಎಂದ. ಟ್ರಾಲಿಗೆ ಅರ್ತ್ ಎಲ್ಲಿಂದ ಹೋಗುತ್ತದೆ ಎಂದು ಕೇಳಿದೆ. ಬೇರೆ ತಂತಿ ಇರಲಿಲ್ಲ. ಟ್ರಾಲಿಯ ಕೊಕ್ಕೆ, ಅದರ ಪಿನ್ನು, ಅದಕ್ಕೆ ಮೆತ್ತಿದ ಗ್ರೀಸು, ಮಣ್ಣು, ಅದರ ಮೂಲಕವೇ ಕರೆಂಟು ಮರಳಬೇಕಿತ್ತು. ರಸ್ತೆಯ ಗುಂಡಿಯಲ್ಲಿ ಕೊಕ್ಕೆ ಅಲುಗಿದಾಗೆಲ್ಲ ದೀಪ ಆರಿ ಹತ್ತುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಖಾನಾಪುರ ರಸ್ತೆಯಲ್ಲಿ ದೀಪವಿಲ್ಲದ ಕಬ್ಬಿನ ಟ್ರಾಲಿಯ ಹಿಂದೆ ಬರುವ ಮೋಟರ್‌ಸೈಕಲ್ಲಿನವನ ಗತಿ ನಿಮಗೆ ನಾನು ಹೇಳಬೇಕಾಗಿಲ್ಲ.

ಟ್ರ್ಯಾಕ್ಟರಿನ ಬ್ಯಾಟರಿ ಮೈನಸ್ಸಿನಿಂದ ಟ್ರಾಲಿಯ ಚಾಸಿಗೆ ಬೇರೆಯೇ ಒಂದು ಕಪ್ಪು ತಂತಿ ಎಳೆ, ನಡುವೆ ಬಿಚ್ಚಿ ಹಾಕಲು ಬರುವ ಪ್ಲಗ್ಗಿನಲ್ಲಿ ಅದಕ್ಕೂ ಒಂದು ಪಿನ್ನು ಕೊಡು, ಬೋಲ್ಟಿನ ಬಣ್ಣ ತಿಕ್ಕಿ ತೆಗೆ ಎಂದು ಹೇಳಿದೆ. ಅರ್ಧ ಗಂಟೆಗೆ ಮತ್ತೆ ಫೋನು. "ಹಗಲ ಇದ್ದಂಗ ಆತು ಮಾಮಾ." ಆಮೇಲೆ ಸ್ವಲ್ಪ ತಡೆದು, "ಅವತ್ತ ಆ ಕೇಬಲ್ ಸುಡ್ತೈತಿ ಅಂತ ನಾ ಹೇಳಿದ್ನೆಲ್ಲ?" ಎಂದ.

ಹೇಳಿದ್ದ.